ಎಂಟನೇ ಸಾಲಿನಿಂದ ರಂಗದ ತನಕ: ಟೆಲಿಫೋಟೋ ಝೂಮ್ ಲೆನ್ಸ್ ಕೊಳ್ಳುವ ಮುನ್ನ

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಳೆದ ತಿಂಗಳು ಇದೇ ಜಾಗದಲ್ಲಿ ಸಿರಿಧಾನ್ಯದ ಅಡುಗೆ ಆಯಿತು. ಅದರ ಹಿಂದಿನ ತಿಂಗಳು ಉಯಿಲು ಬರೆಯುವುದು ಹೇಗೆ ಎಂಬ ಬಗ್ಗೆ ವಕೀಲೆಯೊಬ್ಬರು ಮಾತಾಡಿದರು. ಈ ಸಲ "ಲೆನ್ಸ್ ಆಯ್ಕೆ" ಎಂದು ಸಂದೇಶ ಹೋದಾಗ ಇಬ್ಬರು ಕಣ್ಣಿನ ಪೊರೆಯ ಆಪರೇಷನ್ ವಿಚಾರ ಇರಬೇಕು ಎಂದುಕೊಂಡು ರಿಪೋರ್ಟನ್ನೇ ತಂದಿದ್ದಾರೆ. ಅವರೂ ಕುಳಿತಿರಲಿ, ತೊಂದರೆಯಿಲ್ಲ.

ನಾನು ಬ್ಯಾಂಕಿನಿಂದ ನಿವೃತ್ತಳು. ಫೋಟೋಗ್ರಫಿ ಶಾಲೆಗೆ ಹೋದವಳಲ್ಲ. ಹನ್ನೆರಡು ವರ್ಷದಿಂದ ನಮ್ಮ ಕಾರ್ಯಕ್ರಮಗಳ ಚಿತ್ರ ತೆಗೆಯುತ್ತಿದ್ದೇನೆ, ಅಷ್ಟೇ. ಮೊನ್ನೆ ಮೊನ್ನೆ ನಿಮ್ಮಲ್ಲೇ ಮೂವರು ನನಗೆ ಫೋನ್ ಮಾಡಿ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದಿರಿ: "ಮಗ ಹೊರದೇಶದಿಂದ ಬರುತ್ತಾನೆ, ಒಳ್ಳೆಯ ಝೂಮ್ ಲೆನ್ಸ್ ತರಿಸಬೇಕು, ಯಾವುದು ಹೇಳಲಿ?" ಒಂದು ಸಾಲಿನ ಉತ್ತರ ನನ್ನ ಬಳಿ ಇರಲಿಲ್ಲ. ಇದು ಸೀರೆ ಅಲ್ಲ, ಉಟ್ಟು ನೋಡಿ ಬೇಡವೆಂದರೆ ನಾದಿನಿಗೆ ಕೊಡುವುದಕ್ಕೆ. ದೊಡ್ಡ ಕಂಪನಿಗಳ ಹೊಸ ಲೆನ್ಸಿಗೆ ಎರಡು ಲಕ್ಷದ ಆಚೆ ಈಚೆ ಆಗುತ್ತದೆ. ಹಾಗಾಗಿ ಇವತ್ತು ನಲವತ್ತು ನಿಮಿಷ ತೆಗೆದುಕೊಳ್ಳುತ್ತೇನೆ.

ಮೊದಲು ಹೆಸರು ಬಿಡಿಸಿಕೊಳ್ಳೋಣ. ಲೆನ್ಸಿನ ಮೇಲೆ 70-200 ಮಿ.ಮೀ. ಎಂದು ಬರೆದಿರುತ್ತದೆ. ಅದು ಎಷ್ಟು ಹತ್ತಿರಕ್ಕೆ ಎಳೆದು ತೋರಿಸುತ್ತದೆ ಎಂಬ ಲೆಕ್ಕ. ಪಕ್ಕದಲ್ಲಿ ಎಫ್/2.8 ಎಂದೋ ಎಫ್/4 ಎಂದೋ ಇರುತ್ತದೆ. ಅದು ಬೆಳಕಿನ ಕಿಟಕಿ ಎಷ್ಟು ಅಗಲಕ್ಕೆ ತೆರೆಯುತ್ತದೆ ಎಂಬ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಕಿಟಕಿ ದೊಡ್ಡದು, ಇದೊಂದು ತಲೆಕೆಳಗಿನ ವ್ಯವಹಾರ. ಕಿಟಕಿ ದೊಡ್ಡದಿದ್ದರೆ ಬೇಕಾದ ಬೆಳಕು ಬೇಗ ಒಳಬರುತ್ತದೆ, ಶಟರ್ ಬೇಗ ಮುಚ್ಚಬಹುದು. ಅದಕ್ಕೇ ಇದನ್ನು "ಫಾಸ್ಟ್ ಲೆನ್ಸ್" ಎನ್ನುತ್ತಾರೆ. ಲೆನ್ಸ್ ಓಡುವುದಿಲ್ಲ, ಶಟರ್ ಓಡುತ್ತದೆ.

ಈ 2.8 ಎಲ್ಲಿಂದ ಬಂತು? 200ನ್ನು 2.8ರಿಂದ ಭಾಗಿಸಿ. ಸುಮಾರು 71 ಬರುತ್ತದೆ. ಅಂದರೆ ಪೂರ್ತಿ ಎಳೆದಾಗ ಈ ಲೆನ್ಸಿಗೆ 71 ಮಿ.ಮೀ. ಅಗಲದ ಬೆಳಕಿನ ಬಾಯಿ ಬೇಕು. ಎಫ್/4 ಆದರೆ 50 ಮಿ.ಮೀ. ಸಾಕು. ಅಷ್ಟಗಲದ ಒಳ್ಳೆಯ ಗಾಜು, ಅಂಥವು ಒಂದರ ಹಿಂದೊಂದು ಸಾಲಾಗಿ. ಬೆಲೆಯೂ ಭಾರವೂ ಹುಟ್ಟುವುದು ಅಲ್ಲೇ. "ಚಿಕ್ಕದು, ಹಗುರ, ಅಗ್ಗ, ಎಫ್/2.8 ಕೂಡ" ಎಂದು ಯಾರಾದರೂ ಹೇಳಿದರೆ ಈ ಭಾಗಾಕಾರ ನೆನಪಿಸಿಕೊಳ್ಳಿ.

ಈಗ ನಮ್ಮ ಸಭಾಂಗಣಕ್ಕೆ ಬರೋಣ. ರಂಗದ ಮೇಲೆ ದೀಪ ಇರುತ್ತದೆ, ಕಣ್ಣಿಗೆ ಝಗಮಗ ಕಾಣುತ್ತದೆ. ಆದರೆ ಕ್ಯಾಮೆರಾಗೆ ಅದು ಮುಸ್ಸಂಜೆ. ಸಾಧಾರಣ ಕಿಟ್ ಝೂಮ್ ಇರುತ್ತದಲ್ಲ, ಕ್ಯಾಮೆರಾ ಜೊತೆ ಪೆಟ್ಟಿಗೆಯಲ್ಲೇ ಬರುವಂಥದ್ದು, ಅದನ್ನು ಪೂರ್ತಿ ಎಳೆದರೆ ಎಫ್/5.6ಕ್ಕೋ 6.3ಕ್ಕೋ ಬಂದು ನಿಲ್ಲುತ್ತದೆ. ಐಎಸ್ಓ 3200 ಇಟ್ಟರೂ ನಮ್ಮಲ್ಲಿ ಎಫ್/5.6ಕ್ಕೆ ಸೆಕೆಂಡಿನ 60ರಲ್ಲೊಂದು ಭಾಗದ ಶಟರ್ ಸಿಕ್ಕರೆ ಪುಣ್ಯ. ಎಫ್/4 ಆದರೆ ಅದೇ ಬೆಳಕಿನಲ್ಲಿ 125ರಲ್ಲೊಂದು. ಎಫ್/2.8 ಆದರೆ 250ರಲ್ಲೊಂದು. ಪ್ರತಿ ಮೆಟ್ಟಿಲಿಗೂ ಬೆಳಕು ಎರಡು ಪಟ್ಟು.

60ರಲ್ಲೊಂದು ಭಾಗದಲ್ಲಿ ಭಾಷಣಕಾರರು ಸ್ಪಷ್ಟವಾಗಿ ಬರುತ್ತಾರೆ, ಅವರು ಕದಲುವುದಿಲ್ಲವಲ್ಲ. ಹಾರ ಹಾಕುವವರೂ ಬರುತ್ತಾರೆ. ಭರತನಾಟ್ಯದ ಹುಡುಗಿ ಅರೆಮಂಡಿಯಿಂದ ಎದ್ದು ಜಿಗಿದರೆ ಮುಖ ಇದ್ದಲ್ಲಿ ಒಂದು ಬಳಿದ ಬಣ್ಣ. ಯಕ್ಷಗಾನದ ಧಿಗಿಣವಂತೂ ಕೇಳಲೇಬೇಡಿ, ಅದಕ್ಕೆ 500ರಲ್ಲೊಂದು ಇದ್ದರೂ ಗೆಜ್ಜೆ ಅಲುಗಿರುತ್ತದೆ. ಅಭಿನಯಕ್ಕೆ, ಪದಂ ಮಾಡುವಾಗ, ನನ್ನ ಅನುಭವದಲ್ಲಿ 250 ಸಾಕು.

"ನನ್ನ ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದೆಯಲ್ಲ" ಎಂದು ಒಬ್ಬರು ಕೇಳಿದ್ದರು. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ. ರಂಗದ ಮೇಲಿನವರ ಚಲನೆಯನ್ನು ತಡೆಯುವುದಿಲ್ಲ. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ಜನ ಎಷ್ಟು ದುಡ್ಡು ಸುರಿದಿದ್ದಾರೋ. ಇನ್ನು ಫ್ಲ್ಯಾಶ್. ದೂರ ಎರಡರಷ್ಟಾದರೆ ಅದರ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಎಂಟನೇ ಸಾಲಿನಿಂದ ಹೊಡೆದ ಫ್ಲ್ಯಾಶಿನಲ್ಲಿ ಚೆನ್ನಾಗಿ ಬೆಳಗುವುದು ಏಳನೇ ಸಾಲಿನವರ ಮುಡಿ. ಜೊತೆಗೆ ಕುಣಿಯುವವರ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಅದು ಬೇಡವೇ ಬೇಡ.

ಇಷ್ಟೆಲ್ಲ ಯಾಕೆ, ಮೊಬೈಲ್ ಸಾಲದೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ನಿಮಗೆಲ್ಲ ಗೊತ್ತಿರುವ ಒಂದು ವಿಷಯ ಹೇಳುತ್ತೇನೆ.

ನಮ್ಮ ಮಹಿಳಾ ಯಕ್ಷಗಾನ ತಂಡದಲ್ಲಿ ಚಂದ್ರಮತಿಯ ಪಾತ್ರ ಮಾಡುತ್ತಿದ್ದ ಹಿರಿಯರು ತೀರಿಕೊಂಡಾಗ ಅವರ ಮಗಳು ಗುಂಪಿನಲ್ಲಿ ಒಂದು ಸಂದೇಶ ಹಾಕಿದಳು. ಅಮ್ಮ ವೇಷ ಹಾಕಿದ ಫೋಟೋ ಯಾರಲ್ಲಾದರೂ ಇದ್ದರೆ ಕಳುಹಿಸಿ ಎಂದು. ಎರಡು ದಿನದಲ್ಲಿ ನಲವತ್ತಕ್ಕೂ ಹೆಚ್ಚು ಚಿತ್ರ ಬಂದವು. ಶಾಲು ಹೊದಿಸುತ್ತಿರುವುದು, ಫಲಪುಷ್ಪದ ಬುಟ್ಟಿ, ಸ್ಮರಣಿಕೆ, ಸಾಲಾಗಿ ನಿಂತ ಗ್ರೂಪ್ ಫೋಟೋ. ಎಲ್ಲದರಲ್ಲೂ ಅವರು ರೇಷ್ಮೆ ಸೀರೆ ಉಟ್ಟು ಸ್ವಲ್ಪ ಸಂಕೋಚದಿಂದ ನಿಂತಿದ್ದಾರೆ. ರಂಗದ ಮೇಲಿನ ಚಿತ್ರಗಳೂ ಇದ್ದವು, ಮೊಬೈಲಿನಲ್ಲಿ ಹಿಂದಿನ ಸಾಲುಗಳಿಂದ ತೆಗೆದವು. ಕೆಂಪು ಸೀರೆ ಇದೆ, ಮುಖ ಇರಬೇಕಾದಲ್ಲಿ ಬೆಳ್ಳಗಿನ ಒಂದು ಚುಕ್ಕೆ. ಇಪ್ಪತ್ತು ವರ್ಷ ಆ ಪಾತ್ರ ಮಾಡಿದವರು. ಮಗನ ಶವದ ಮುಂದೆ ಕುಳಿತು ಅವರು ಆಡುತ್ತಿದ್ದ ಮಾತಿಗೆ ಹಿಂದಿನ ಸಾಲಿನ ಗಂಡಸರೂ ಕರವಸ್ತ್ರ ತೆಗೆಯುತ್ತಿದ್ದರು. ಅದರ ಕುರುಹಾಗಿ ಉಳಿದಿದ್ದು ಶಾಲಿನ ಫೋಟೋ.

ನನ್ನ ಬಳಿ ಮೂರು ಚಿತ್ರ ಇದ್ದವು. ಎಂಟನೇ ಸಾಲಿನ ತುದಿಯ ಕುರ್ಚಿಯಿಂದ ತೆಗೆದವು. 200 ಮಿ.ಮೀ., ಎಫ್/2.8, 320ರಲ್ಲೊಂದು. ಅದರಲ್ಲಿ ಒಂದು ಈಗ ಅವರ ಮನೆಯ ಗೋಡೆಯ ಮೇಲಿದೆ. ಕಣ್ಣಂಚಿನ ಕಾಡಿಗೆ ಕರಗಿದ್ದು ಕೂಡ ಕಾಣುತ್ತದೆ. ಅದು ದೊಡ್ಡ ಕಲೆ ಅಂತ ನಾನು ಹೇಳುತ್ತಿಲ್ಲ. ಸರಿಯಾದ ಬೆಳಕಿನ ಲೆಕ್ಕ, ಅಷ್ಟೇ. ಆದರೆ ಆ ಲೆಕ್ಕ ಇಲ್ಲದಿದ್ದರೆ ಆ ಮುಖ ಇವತ್ತು ಇರುತ್ತಿರಲಿಲ್ಲ.

ಹಾಗಾದರೆ 200 ಮಿ.ಮೀ. ಸಾಕೇ? ಇದಕ್ಕೂ ಮನೆಯಲ್ಲೇ ಕುಳಿತು ಲೆಕ್ಕ ಹಾಕಬಹುದು. ಫುಲ್ ಫ್ರೇಮ್ ಎನ್ನುವ ದೊಡ್ಡ ಸೆನ್ಸರಿನ ಉದ್ದ 36 ಮಿ.ಮೀ. ನೀವು ರಂಗದಿಂದ 10 ಮೀಟರ್ ದೂರ ಕುಳಿತಿದ್ದೀರಿ ಎನ್ನಿ. ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ 200ಕ್ಕೆ ಎಳೆದರೆ ಚೌಕಟ್ಟಿನಲ್ಲಿ 1.8 ಮೀಟರ್ ಎತ್ತರ ಹಿಡಿಯುತ್ತದೆ. ನರ್ತಕಿ ಪಾದದಿಂದ ಮುಡಿಯ ತನಕ ಹದವಾಗಿ ಕೂರುತ್ತಾಳೆ. ಬಣ್ಣದ ವೇಷದ ಕಿರೀಟ ಇದ್ದರೆ ಸ್ವಲ್ಪ ಹಿಂದಕ್ಕೆ ಸರಿಸಬೇಕು. ಅಡ್ಡ ಹಿಡಿದು 70ಕ್ಕೆ ಬಂದರೆ 5 ಮೀಟರ್ ಅಗಲದ ರಂಗ ಸಿಗುತ್ತದೆ, ಭಾಗವತರೂ ಚೆಂಡೆಯವರೂ ಸೇರಿ. ಒಂದೇ ಕುರ್ಚಿಯಲ್ಲಿ ಕುಳಿತು ಎದ್ದು ಓಡಾಡದೆ ಎರಡೂ ಆಗುತ್ತದೆ. ಝೂಮ್ ಇರುವುದೇ ಅದಕ್ಕೆ. ನಿಮ್ಮದು ಎಪಿಎಸ್-ಸಿ ಎನ್ನುವ ಚಿಕ್ಕ ಸೆನ್ಸರಿನ ಕ್ಯಾಮೆರಾ ಆಗಿದ್ದರೆ 200 ಎನ್ನುವುದು 300ರ ಹಾಗೆ ನಡೆದುಕೊಳ್ಳುತ್ತದೆ, ಕ್ಯಾನನ್‌ನಲ್ಲಿ 320ರ ಹಾಗೆ. ಹಿಂದಿನ ಸಾಲಿನವರಿಗೆ ಅದು ಲಾಭ. ಆದರೆ 70ರಲ್ಲೂ ಇಡೀ ರಂಗ ಸಿಗುವುದಿಲ್ಲ.

ಇನ್ನು ಭಾರ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಇದು ನಮಗೆ ಮಾತ್ರ ಕೇಳಿಬರುವ ಮಾತು. ಫೋರ್ಟಿನ ಬೋರಾ ಬಜಾರಿನ ಕ್ಯಾಮೆರಾ ಸಾಲಿಗೆ ನಾನು ಹೋದಾಗ ಒಬ್ಬ ಮಾರಾಟಗಾರ ನಾನು ಕೇಳಿದ್ದನ್ನು ಕಪಾಟಿನಿಂದ ತೆಗೆಯಲೇ ಇಲ್ಲ. "ಮೇಡಂ, ಇದು ನಿಮಗೆ ಭಾರವಾಗುತ್ತದೆ, ಇದು ತೆಗೆದುಕೊಳ್ಳಿ" ಎಂದು ಇನ್ನೊಂದು ಪೆಟ್ಟಿಗೆ ಮುಂದಿಟ್ಟ. ಹತ್ತು ಲೀಟರಿನ ಕುಕ್ಕರ್ ಮಾರುವಾಗ ಯಾರೂ ಹಾಗೆ ಹೇಳಿದ್ದು ನಾನು ಕೇಳಿಲ್ಲ. ಇದೇ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದ ಹೋಮಾಯಿ ವ್ಯಾರಾವಾಲಾ ಅವರನ್ನು ನೆನಪಿಸಿಕೊಳ್ಳಿ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸೀರೆಯುಟ್ಟು, ಸ್ಪೀಡ್ ಗ್ರಾಫಿಕ್‌ನಂಥ ಇಟ್ಟಿಗೆ ಗಾತ್ರದ ಕ್ಯಾಮೆರಾ ಹೊತ್ತು, ಸ್ವಾತಂತ್ರ್ಯ ಬಂದ ಕಾಲದ ದಿಲ್ಲಿಯನ್ನು ಚಿತ್ರಿಸಿದವರು. 2011ರಲ್ಲಿ ಪದ್ಮವಿಭೂಷಣ ಬಂತು.

ಹಾಗೆಂದು ಭಾರ ಸುಳ್ಳಲ್ಲ. ಹಟಕ್ಕೆ ಬಿದ್ದು ಕೊಳ್ಳಬೇಡಿ. ಹಳೆಯ ಡಿಎಸ್ಎಲ್ಆರ್ ಕಾಲದ 70-200 ಎಫ್/2.8 ಲೆನ್ಸುಗಳು ಹೆಚ್ಚುಕಡಿಮೆ ಒಂದೂವರೆ ಕಿಲೋ. ಕ್ಯಾನನ್ ಇಎಫ್ ಮೂರನೇ ಆವೃತ್ತಿ 1480 ಗ್ರಾಂ, ಟ್ಯಾಮ್ರಾನ್ ಜಿ2 ಕೂಡ ಅದೇ ಆಸುಪಾಸು. ಮಿರರ್‌ಲೆಸ್ ಬಂದ ಮೇಲೆ ಕೆಲವು ಇಳಿದಿವೆ. ಸೋನಿ ಜಿಎಂ ಮೊದಲನೆಯದು 1480 ಇದ್ದದ್ದು 2021ರ ಎರಡನೆಯದರಲ್ಲಿ 1045ಕ್ಕೆ ಬಂತು. ಕ್ಯಾನನ್ ಆರ್‌ಎಫ್ 1070, ಅದು ಎಳೆದಾಗ ಕೊಡೆಯ ಹಾಗೆ ಉದ್ದವಾಗುತ್ತದೆ, ಮಡಚಿದಾಗ ಸಾಧಾರಣ ಕೈಚೀಲದಲ್ಲಿ ಹಿಡಿಯುತ್ತದೆ. ನಿಕಾನ್ ಝಡ್ ಮಾತ್ರ ಮೊದಲು ಬಂದಾಗ ಕಾಲರ್ ಸೇರಿ 1440ರಲ್ಲೇ ಇತ್ತು. ಸೋನಿ ಕ್ಯಾಮೆರಾದವರಿಗೆ ಟ್ಯಾಮ್ರಾನ್ 70-180 ಎಫ್/2.8 ಇದೆ, 2020ರದ್ದು 810 ಗ್ರಾಂ, 2023ರ ಜಿ2 855 ಗ್ರಾಂ. ಕೊನೆಯ 20 ಮಿ.ಮೀ. ಬಿಟ್ಟುಕೊಟ್ಟರೆ ಭಾರದಲ್ಲೂ ಬೆಲೆಯಲ್ಲೂ ಇಷ್ಟು ಉಳಿತಾಯ. ನನ್ನನ್ನು ಕೇಳಿದರೆ ನಮ್ಮಂಥವರಿಗೆ ಇದು ಬಹಳ ಬುದ್ಧಿವಂತ ವ್ಯಾಪಾರ. ಮೊದಲ ಆವೃತ್ತಿಯಲ್ಲಿ ಸ್ಟೆಬಿಲೈಸರ್ ಇಲ್ಲ, ಕ್ಯಾಮೆರಾದಲ್ಲೇ ಅದು ಇದ್ದರೆ ಒಳ್ಳೆಯದು. ನಿಕಾನ್‌ನವರೂ ಹೆಚ್ಚುಕಡಿಮೆ ಅದೇ ತೂಕದ 70-180 ಒಂದನ್ನು ತಂದಿದ್ದಾರೆ.

ಈ ಗ್ರಾಂಗಳಿಗೆ ಕ್ಯಾಮೆರಾದ ಅರ್ಧ, ಮುಕ್ಕಾಲು ಕಿಲೋ ಸೇರಿಸಿ. ಆಮೇಲೆ ಒಂದು ಪರೀಕ್ಷೆ ಮಾಡಿ. ಎರಡು ಲೀಟರಿನ ಬಾಟಲಿಯಲ್ಲಿ ನೀವು ಕೊಳ್ಳಬೇಕೆಂದಿರುವ ಒಟ್ಟು ತೂಕದಷ್ಟು ನೀರು ತುಂಬಿ. ಎಡಗೈ ಕೆಳಗೆ ಕೊಟ್ಟು, ಮೊಣಕೈ ಹೊಟ್ಟೆಗೆ ಒತ್ತಿ, ಕಣ್ಣಿನ ಎತ್ತರಕ್ಕೆ ಹಿಡಿದು ಒಂದು ವರ್ಣ ಮುಗಿಯುವ ತನಕ ನಿಲ್ಲಿ. ಯೂಟ್ಯೂಬಿನಲ್ಲಿ ಹಾಕಿಕೊಳ್ಳಿ, ಅರ್ಧ ಗಂಟೆಯದ್ದು. ಚರಣ ಬರುವ ಮೊದಲೇ ಭುಜ ಮಾತಾಡಿದರೆ ಅದರ ಮಾತು ಕೇಳಿ. ಐವತ್ತು ದಾಟಿದ ಮೇಲೆ ಭುಜ ಹಿಡಿದುಕೊಳ್ಳುವ ಕಾಟ ನಮ್ಮಲ್ಲಿ ಎಷ್ಟು ಜನರಿಗಿಲ್ಲ? ಮಾನೋಪಾಡ್ ಎಂಬ ಒಂದು ಕಾಲಿನ ಕೋಲು ಬರುತ್ತದೆ. ಅದು ಮುಕ್ಕಾಲು ಪಾಲು ಭಾರ ಹೊರುತ್ತದೆ, ಮನೆಗೆ ಹೋಗುವಾಗ ಊರುಗೋಲೂ ಆಗುತ್ತದೆ. ರಂಗದ ಚಿತ್ರ ತೆಗೆಯುವವರು ಲೆನ್ಸಿಗಿಂತ ಮೊದಲು ಅದನ್ನು ಕೊಂಡರೂ ನಷ್ಟವಿಲ್ಲ.

ಎಫ್/4 ಲೆನ್ಸಿನ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಏಕಪಕ್ಷೀಯ ಆಗುತ್ತದೆ. ಕ್ಯಾನನ್ ಆರ್‌ಎಫ್ 70-200 ಎಫ್/4 ಬರೀ 695 ಗ್ರಾಂ. ಸೋನಿಯ ಹೊಸ ಎಫ್/4 794 ಗ್ರಾಂ. ಇತ್ತೀಚಿನ ಫುಲ್ ಫ್ರೇಮ್ ಕ್ಯಾಮೆರಾಗಳಲ್ಲಿ ಐಎಸ್ಓ 6400 ಇಟ್ಟರೂ ಚಿತ್ರ ಚೆನ್ನಾಗಿಯೇ ಬರುತ್ತದೆ. 3200ರಿಂದ 6400ಕ್ಕೆ ಏರಿಸಿದರೆ ಎಫ್/4ನಲ್ಲೂ ಅದೇ 250ರಲ್ಲೊಂದು ಸಿಕ್ಕಿತು. ಹೊಸ ಕ್ಯಾಮೆರಾ ಇದ್ದು, ತಿಂಗಳಿಗೊಂದು ಕಾರ್ಯಕ್ರಮ ಮಾತ್ರ ತೆಗೆಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹತ್ತು ವರ್ಷ ಹಳೆಯ ಚಿಕ್ಕ ಸೆನ್ಸರಿನ ಕ್ಯಾಮೆರಾ ಇರುವವರಿಗೆ ಆ ಏರಿಕೆಯ ಅವಕಾಶ ಕಡಿಮೆ, ಎಫ್/2.8 ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. 10 ಮೀಟರ್ ದೂರದಿಂದ 200 ಮಿ.ಮೀ. ಎಫ್/2.8ರಲ್ಲಿ ಸ್ಪಷ್ಟವಾಗಿ ಬರುವ ಜಾಗದ ಆಳ ಸುಮಾರು 40 ಸೆಂಟಿಮೀಟರ್ ಮಾತ್ರ. ಒಬ್ಬಳೇ ನರ್ತಕಿಗೆ ಅದು ವರ. ಹಿಂದಿನ ಪರದೆ, ಅದರ ಮೇಲೆ ಅಂಟಿಸಿದ ಪ್ರಾಯೋಜಕರ ಬ್ಯಾನರ್, ಎಲ್ಲ ಮೋಡದ ಹಾಗೆ ಕರಗಿಹೋಗುತ್ತದೆ. ಕೋಲಾಟದಲ್ಲಿ ಎರಡು ಸಾಲು ನಿಂತರೆ ಹಿಂದಿನ ಸಾಲಿನವರೂ ಅದೇ ಮೋಡಕ್ಕೆ ಸೇರುತ್ತಾರೆ, ಮರುದಿನ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಾರೆ. ಗುಂಪಿಗೆ ನಾನು ಹೇಗಿದ್ದರೂ ಎಫ್/4ಕ್ಕೋ 5.6ಕ್ಕೋ ಮುಚ್ಚುತ್ತೇನೆ.

ಐರೋಲಿಯಲ್ಲಿ, ಸೆವ್ರಿಯಲ್ಲಿ ಫ್ಲೆಮಿಂಗೋ ನೋಡಲು ಹೋಗುವವರಿಗೆ ಇದು ಬೇಡ. ಠಾಣೆ ಖಾರಿಯಲ್ಲಿ ಬೆಳಕಿಗೆ ಕೊರತೆಯಿಲ್ಲ, ಕೊರತೆ ದೂರದ್ದು. 200 ಅಲ್ಲಿ ಗುಲಾಬಿ ಗೆರೆ ತೋರಿಸುತ್ತದೆ, ಹಕ್ಕಿಯನ್ನಲ್ಲ. ಎರಡು ಪಟ್ಟಿನ ಟೆಲಿಕನ್ವರ್ಟರ್ ಹಾಕಿದರೆ 400 ಆಗುತ್ತದೆ, ಆದರೆ ಎಫ್/2.8 ಹೋಗಿ ಎಫ್/5.6 ಆಗುತ್ತದೆ, ಮೇಲಾಗಿ ಎಲ್ಲ ಲೆನ್ಸಿಗೂ ಅದು ಕೂರುವುದಿಲ್ಲ. ಪ್ರವಾಸಕ್ಕೆ, ಹಂಪಿ ಬಾದಾಮಿಗೆ, ಇಷ್ಟು ಭಾರ ಹೊರುವ ಅಗತ್ಯ ನನಗಂತೂ ಕಂಡಿಲ್ಲ. ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವ ವರ್ಷಕ್ಕೊಮ್ಮೆ ಎಂದಾದರೆ ಬಾಡಿಗೆಗೆ ತನ್ನಿ. ಮುಂಬಯಿಯಲ್ಲಿ ದಿನದ ಲೆಕ್ಕದಲ್ಲಿ ಸಿಗುತ್ತದೆ, ಗುರುತಿನ ಚೀಟಿ ಮತ್ತು ಠೇವಣಿ ಕೇಳುತ್ತಾರೆ. ಕೊಳ್ಳುವವರೂ ಮೊದಲು ಒಂದು ವಾರಾಂತ್ಯ ಬಾಡಿಗೆಗೆ ತಂದು ನೋಡಿ.

ಕೊಳ್ಳುವ ಮೊದಲು ಇನ್ನೊಂದು ಕೆಲಸ, ಇದಕ್ಕೆ ದುಡ್ಡಿಲ್ಲ. ಈಗಾಗಲೇ ತೆಗೆದ ನಿಮ್ಮ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಪ್ರತಿ ಚಿತ್ರದ ಒಳಗೆ ಎಷ್ಟು ಮಿ.ಮೀ., ಎಷ್ಟು ಶಟರ್, ಎಷ್ಟು ಐಎಸ್ಓ ಎಂಬ ಜಾತಕ ಇರುತ್ತದೆ. ಮಸುಕಾದವುಗಳ ಶಟರ್ ನೋಡಿ. 60, 80 ಇದ್ದರೆ ನಿಮಗೆ ಬೆಳಕಿನ ಕೊರತೆ, ದೊಡ್ಡ ಕಿಟಕಿ ಬೇಕು. ಶಟರ್ 500 ಇದ್ದೂ ಮುಖ ಚಿಕ್ಕದಾಗಿ ಬಂದಿದ್ದರೆ ದೂರದ ಕೊರತೆ. ಯಾವ ವಿಮರ್ಶಕನಿಗಿಂತ ಚೆನ್ನಾಗಿ ಅದು ನಿಮ್ಮ ಕಥೆ ಹೇಳುತ್ತದೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ಭಯ ಬೇಡ, ಎಚ್ಚರ ಇರಲಿ. ಡಿಎಸ್ಎಲ್ಆರ್ ಬಿಟ್ಟು ಮಿರರ್‌ಲೆಸ್‌ಗೆ ಹೋದವರು ಒಳ್ಳೊಳ್ಳೆಯ ಲೆನ್ಸ್ ಮಾರುತ್ತಿದ್ದಾರೆ. ಕ್ಯಾನನ್ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಹೊಸ ಆರ್ ಕ್ಯಾಮೆರಾಗಳಲ್ಲಿ ಚೆನ್ನಾಗಿ ನಡೆಯುತ್ತವೆ. ನಿಕಾನ್‌ನಲ್ಲಿ ಮಾತ್ರ ವಿಚಾರಿಸಿ. ಒಳಗೆ ಮೋಟಾರು ಇಲ್ಲದ ಹಳೆಯ 80-200 ಲೆನ್ಸುಗಳು ಅವರ ಎಫ್‌ಟಿಝಡ್ ಅಡಾಪ್ಟರಿನಲ್ಲಿ ತಾವಾಗಿ ಫೋಕಸ್ ಮಾಡುವುದಿಲ್ಲ, ಕೈಯಿಂದ ತಿರುಗಿಸಬೇಕು. ನಮ್ಮ ಊರಿನ ಹವೆಗೆ ಮುಖ್ಯವಾದ ಪರೀಕ್ಷೆ ಬೂಷ್ಟಿನದ್ದು. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಗಾಜಿನ ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಎಷ್ಟೇ ಅಗ್ಗವಾದರೂ ನಮಸ್ಕಾರ ಹೇಳಿ ಬನ್ನಿ. ನಿಮ್ಮ ಲೆನ್ಸಿಗೂ ಅದು ಬರಬಾರದೆಂದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯ ಕಪಾಟಿನಲ್ಲಿ, ಚರ್ಮದ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಅಕ್ಕಿ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಚಿಕ್ಕ ಮೀಟರ್. ಅದು 40ರಿಂದ 50ರ ನಡುವೆ ಇದ್ದರೆ ಸರಿ. ಡಬ್ಬಿಯಲ್ಲಿಟ್ಟು ಮರೆಯಲೂ ಬೇಡಿ, ವಾರಕ್ಕೊಮ್ಮೆ ತೆಗೆದು ಉಪಯೋಗಿಸಿ.

ದುಡ್ಡಿನ ಮಾತು ಕೊನೆಗೆ. ಎರಡು ಲಕ್ಷಕ್ಕೆ ಬಳೆ ಕೊಂಡರೆ ಮನೆಯಲ್ಲಿ ಯಾರೂ ಕಾರಣ ಕೇಳುವುದಿಲ್ಲ, ಲೆನ್ಸ್ ಎಂದರೆ "ಈ ವಯಸ್ಸಿನಲ್ಲಿ ಯಾಕೆ" ಎಂದು ಶುರುವಾಗುತ್ತದೆ. ಬಳೆ ಬೇಕಾದಾಗ ಮಾರಬಹುದು, ನಿಜ. ಲೆನ್ಸನ್ನೂ ಮಾರಬಹುದು, ಆದರೆ ಕೊಂಡ ಬೆಲೆ ಬರುವುದಿಲ್ಲ. ಅದನ್ನು ಮುಚ್ಚಿಟ್ಟು ವಾದ ಮಾಡಬೇಡಿ, ಸೋಲುತ್ತೀರಿ. ನಾನು ನನ್ನ ಪಿಂಚಣಿಯಿಂದ ಎರಡು ವರ್ಷ ಕೂಡಿಟ್ಟೆ.

ಆದರೆ ಎಲ್ಲರೂ ಒಂಟಿಯಾಗಿ ಯಾಕೆ ಕೊಳ್ಳಬೇಕು? ನಮ್ಮ ಸಂಘದ ಕಪಾಟಿನಲ್ಲಿ ಹಾರ್ಮೋನಿಯಂ ಇದೆ, ತಬಲಾ ಇದೆ, ಎರಡು ಸೆಟ್ ಕೋಲು ಇದೆ. ಒಂದು ಲೆನ್ಸೂ ಇರಬಹುದು. ಒಂದು ಕಂಪನಿಯ ಲೆನ್ಸ್ ಇನ್ನೊಂದರ ಕ್ಯಾಮೆರಾಗೆ ಕೂರುವುದಿಲ್ಲ ಎಂಬ ತೊಡಕಿದೆ, ಹಾಗಾಗಿ ಕ್ಯಾಮೆರಾವನ್ನೂ ಸಂಘದ್ದೇ ಮಾಡಬೇಕು. ಸೆಕೆಂಡ್ ಹ್ಯಾಂಡ್ ಆದರೆ ಎರಡೂ ಸೇರಿ ಹೊಸ ಲೆನ್ಸ್ ಒಂದರ ಬೆಲೆಯೊಳಗೆ ಆಗುತ್ತದೆ ಎಂದು ನನ್ನ ಅಂದಾಜು. ನಾಲ್ಕು ಜನ ಕಲಿಯಲಿ, ಸರದಿಯಲ್ಲಿ ತೆಗೆಯಲಿ. ನಾನು ತೆಗೆಯುತ್ತಿದ್ದರೆ ನಾನು ಹಾಡಿದ್ದನ್ನು ತೆಗೆಯುವವರು ಬೇಕಲ್ಲ. ಪದಾಧಿಕಾರಿಗಳ ಮುಂದೆ ಈ ಪ್ರಸ್ತಾಪ ಇಡುತ್ತಿದ್ದೇನೆ, ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿಕೊಳ್ಳಬೇಕಾಗಿ ವಿನಂತಿ.

ಬಾಗಿಲ ಪಕ್ಕದ ಮೇಜಿನ ಮೇಲೆ ಎರಡು ಲೆನ್ಸ್ ಇಟ್ಟಿದ್ದೇನೆ. ಕಪ್ಪು ಬಣ್ಣದ್ದು ನನ್ನದು, ಬಿಳಿಯದ್ದು ಬಾಡಿಗೆಗೆ ತಂದದ್ದು, ನಾಳೆ ಹನ್ನೊಂದಕ್ಕೆ ಹಿಂದಿರುಗಿಸಬೇಕು. ಎರಡನ್ನೂ ಕೈಯಲ್ಲಿ ಹಿಡಿದು, ಎಂಟನೇ ಸಾಲಿನಲ್ಲಿ ಕುಳಿತು, ಈ ಮೈಕಿನ ಹತ್ತಿರ ಯಾರನ್ನಾದರೂ ನಿಲ್ಲಿಸಿ ನೋಡಿ. ಪಟ್ಟಿ ಕುತ್ತಿಗೆಗೆ ಹಾಕಿಕೊಂಡೇ ಎತ್ತಿ. ಮತ್ತೆ ದಯವಿಟ್ಟು, ಚೂಡಾ ತಿಂದ ಕೈ ತೊಳೆದುಕೊಂಡು ಬನ್ನಿ.